ಹಿಂಬದಿಯ ಗೋಡೆ

ಸಾಲಿನಲ್ಲಿ ಅವನು ನಾಲ್ಕನೆಯವನು. ಮುಂದೆ ಹೆಗಲ ಮೇಲೆ ಟವೆಲು ಹಾಕಿಕೊಂಡ ಬೀಗ ರಿಪೇರಿಯ ಮುದುಕ, ಮುದುಕನ ಮುಂದೆ ಪ್ಲಾಸ್ಟಿಕ್ ಬಕೆಟ್ಟು ಹಿಡಿದ ಹೆಂಗಸು, ಅವಳ ಮುಂದೆ ಗೋಡೆಗೊರಗಿ ಫೋನು ನೋಡುತ್ತಿದ್ದ ಒಬ್ಬ; ಒಳಗೆ ಯಾರೋ ಯಾವ ಅವಸರವೂ ಇಲ್ಲದೆ ಕೆಮ್ಮುತ್ತಿದ್ದರು. ಹತ್ತೂವರೆಗೆ ಅಂತಿಮ ತಪಾಸಣೆ ಎಂದು ಅವನೇ ಓಣಿಯ ಬಾಯಲ್ಲಿ ನೋಟೀಸು ಅಂಟಿಸಿದ್ದ. ಈಗ ಹತ್ತೂಕಾಲು. ಬೆಳಿಗ್ಗೆ ನುಂಗಿದ ರಕ್ತದೊತ್ತಡದ ಮಾತ್ರೆ ತನ್ನ ಕೆಲಸ ಶುರುಮಾಡಿತ್ತು. ನಗರಸಭೆಯ ಹಳೆಯ ಕಟ್ಟಡಗಳ ವಿಭಾಗದ ಅಧಿಕಾರಿಯಾದ ಅವನು ಕಂಕುಳಲ್ಲಿ ಕಡತ ಅವುಚಿಕೊಂಡು, ಕಿಬ್ಬೊಟ್ಟೆಯಲ್ಲಿ ಒತ್ತಿ ಬರುತ್ತಿದ್ದುದು ಮುಖದಲ್ಲಿ ಕಾಣದಂತೆ ತಡೆದು, ಎದುರಿನ ಗೋಡೆಯ ಗಾರೆಯನ್ನು ಪರೀಕ್ಷಿಸುವವನ ಹಾಗೆ ನಿಂತಿದ್ದ. ಗಾರೆ ನಿಜಕ್ಕೂ ಚೆನ್ನಾಗಿತ್ತು. ನೂರ ನಲವತ್ತು ವರ್ಷದ ಸುಣ್ಣದ ಗಾರೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಎಲ್ಲೂ ಟೊಳ್ಳು ಸದ್ದಿಲ್ಲ. ಒಂದರ ಭುಜಕ್ಕೆ ಇನ್ನೊಂದು ಭುಜ ಕೊಟ್ಟು ನಿಂತ ಏಳು ಮನೆಗಳ ಓಣಿ, ಅವುಗಳ ಬೆನ್ನಿಗೆ ಈ ಒಂದೇ ಅಂಗಳ, ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಸೇರಿ ಎರಡು ಕಕ್ಕಸು. ಅದರಲ್ಲೂ ಒಂದರ ಬಾಗಿಲಿಗೆ ಹಲಗೆ ಹೊಡೆದಿತ್ತು. ಹಿಂದೊಮ್ಮೆ ವರದಿಯಲ್ಲಿ ಅವನು ಈ ಅಂಗಳವನ್ನು 'ಹಂಚಿಕೊಂಡು ಬಾಳುವ ಬದುಕಿನ ಅಪರೂಪದ ಉಳಿಕೆ' ಎಂದು ಬಣ್ಣಿಸಿದ್ದ. ಆ ಸಾಲು ಈ ಹೊತ್ತಿನಲ್ಲಿ ನೆನಪಾಗಬಾರದಿತ್ತು.

“ಅರ್ಜೆಂಟಾ ಸಾರ್?” ಬಕೆಟ್ಟಿನ ಹೆಂಗಸು ತಿರುಗಿ ಕೇಳಿದಳು. “ಬೇಕಾದ್ರೆ ನೀವು ಮುಂದೆ ಹೋಗಿ.”

“ಬೇಡ, ಬೇಡ,” ಎಂದ.

ಮೇಲಿನ ಯಾವುದೋ ಕಿಟಕಿಯಿಂದ ನಗು ಕೇಳಿತು. “ನೋಡ್ರಿ, ಬೇಡ ಸಾಹೇಬ್ರು ಅದಕ್ಕೂ ಬೇಡ ಅಂದ್ರು!”

ತನಗೆ ಇಂಥದೊಂದು ಹೆಸರಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಕಿವಿ ಬಿಸಿಯಾಯಿತು. ಆದರೆ ಹೆಸರಿಟ್ಟವರು ಸುಳ್ಳು ಹೇಳಿರಲಿಲ್ಲ. ಅಲ್ಯೂಮಿನಿಯಂ ಕಿಟಕಿ ಬೇಡ, ಅಂಗಳದ ಚಪ್ಪಡಿಯ ಮೇಲೆ ಸಿಮೆಂಟು ಬೇಡ, ಹೆಂಚಿನ ಮೇಲೆ ನೀರಿನ ಟ್ಯಾಂಕು ಬೇಡ, ಬಾಗಿಲಿಗೆ ಆ ನೀಲಿ ಬಣ್ಣ ಬೇಡವೇ ಬೇಡ. ಇಪ್ಪತ್ತಾರು ವರ್ಷಗಳಿಂದ ಊರಿನ ಹಳೆಯ ಭಾಗದ ಬೀದಿಬೀದಿಯಲ್ಲಿ ಅವನು ಆಡಿದ ಮಾತುಗಳನ್ನೆಲ್ಲ ಭಟ್ಟಿ ಇಳಿಸಿದರೆ ಕೊನೆಗೆ ಉಳಿಯುವುದು ಅದೊಂದೇ ಶಬ್ದವಿರಬಹುದು. ಅವನು ಬೆಳೆದದ್ದೂ ಇದೇ ಓಣಿಯಲ್ಲಿ; ಈ ಕಕ್ಕಸಿನ ಬಾಗಿಲ ಒಳಗೇ ಆರು ವರ್ಷದವನಾಗಿ ಕೂತು “ಇದ್ದೀಯಾ?” ಎಂದು ಕೂಗುತ್ತಿದ್ದ. ಒಳಗಿನ ಕತ್ತಲೆಗೆ ಅವನಿಗೆ ಜೀವಭಯ. “ಇದ್ದೀನಿ ಕಣೋ,” ಎಂದು ಅಕ್ಕ ಹೊರಗಿನಿಂದ ಹೇಳುವಳು. ಅವಳಿಗಾಗ ಹದಿನೆಂಟು, ಅಮ್ಮ ಹೋಗಿ ವರ್ಷವಾಗಿತ್ತು, ದರ್ಜಿಗಳು ಕಳಿಸುತ್ತಿದ್ದ ಅಂಗಿಗಳಿಗೆ ಕಾಜಾ ಹೊಲಿಯುವ ಕೆಲಸ ಹಿಡಿದಿದ್ದಳು. ಸಮಯ ಹಾಳಾಗಬಾರದೆಂದು ಅಂಗಿಯನ್ನು ಇಲ್ಲಿಗೂ ತಂದು, ನಿಂತಲ್ಲೇ ಗುಂಡಿಯ ತೂತುಗಳ ಸುತ್ತ ದಾರ ಸುತ್ತುವಳು. ಎರಡನೆಯ ಸಲ ಕೂಗಿದರೆ ಮಾತಿಲ್ಲ. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಳ್ಳುವ ಅಂಗುಸ್ತಾನದಿಂದ ಬಾಗಿಲಿಗೆ ಟಕ್ ಟಕ್ ಎರಡು ಸಲ. ಮೂರನೆಯ ಸಲ ಕೂಗಿದರೆ, “ಇಲ್ಲ, ಸಂತೆಗೆ ಹೋಗಿದ್ದೀನಿ. ಬೇಗ ಮುಗಿಸಿ ಬಾರೋ!”

ಅವನ ಸರದಿ ಬಂದು, ಒಳಗೆ ಹೋಗಿ, ಹಗುರಾಗಿ ಹೊರಗೆ ಬಂದಾಗ ಮಂಡಳಿಯ ಎಂಜಿನಿಯರ್ ಕಾಯುತ್ತಿದ್ದಳು. ಹಳೆಯ ಬೀದಿಗಳನ್ನು ಕೆಡವಿ ಹೊಸದಾಗಿ ಕಟ್ಟಲು ಸರ್ಕಾರ ಮಾಡಿದ್ದ ಮಂಡಳಿ ಅದು. ಮೂವತ್ತರ ಆಸುಪಾಸಿನ ಹುಡುಗಿ. ಬೂಟಿನ ಮೇಲೆಲ್ಲ ಧೂಳು, ಕೈಯಲ್ಲೊಂದು ಟ್ಯಾಬು. ಮಂಡಳಿಯವರೆಂದರೆ ಅವನಿಗೆ ಹಲ್ಲು ಕಚ್ಚುವಷ್ಟು ಸಿಟ್ಟು. ಇವಳ ಮೇಲೆ ಮಾತ್ರ ಯಾಕೋ ಸಿಟ್ಟು ಬರುತ್ತಿರಲಿಲ್ಲ, ಅದೇ ಅವನಿಗೆ ಇರುಸುಮುರುಸು. ವಿಷಯ ಇಬ್ಬರಿಗೂ ಗೊತ್ತಿದ್ದದ್ದೇ. ಓಣಿ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಏಳೂ ಮನೆಯವರು ಸಹಿ ಹಾಕಿದರಷ್ಟೇ ಪಟ್ಟಿಯಿಂದ ತೆಗೆಯಬಹುದು; ತೆಗೆದರೆ ಏಳನ್ನೂ ಉರುಳಿಸಿ ಒಂಬತ್ತು ಅಂತಸ್ತು ಏಳುತ್ತದೆ, ಎಲ್ಲರಿಗೂ ಅದರಲ್ಲೇ ಮನೆ. ಆರು ಸಹಿ ಬಂದಿತ್ತು. ಏಳನೆಯವರು ಯಾರೆಂದು ಮಂಡಳಿ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಆದರೆ ಎರಡು ತಿಂಗಳಿಂದ ಆ ಅನಾಮಧೇಯ ವ್ಯಕ್ತಿಯ ಮೇಲೆ ಅವನಿಗೊಂದು ಗುಟ್ಟಾದ ಪ್ರೀತಿ ಹುಟ್ಟಿತ್ತು. ಇಡೀ ಊರಿನಲ್ಲಿ ತನ್ನ ಹಾಗೆ ಈ ಕಲ್ಲುಮಣ್ಣನ್ನು ಹಚ್ಚಿಕೊಂಡ ಇನ್ನೊಂದು ಜೀವವಿದೆ ಎಂದುಕೊಂಡಾಗೆಲ್ಲ ಎದೆ ಬೆಚ್ಚಗಾಗುತ್ತಿತ್ತು. ಬೀಗದ ಮುದುಕನೇ ಇರಬೇಕೆಂದು ಅವನ ಊಹೆ.

“ಏನಪ್ಪಾ,” ಮುದುಕ ಟವೆಲಿನಿಂದ ಕುತ್ತಿಗೆ ಒರೆಸುತ್ತ ಕೇಳಿದ, “ನಿನ್ನ ಮನೇಲಿ ಎಷ್ಟು ಕಕ್ಕಸು?”

ಅವನು ಚಡ್ಡಿ ಹಾಕಿಕೊಂಡು ಓಡಾಡಿದ್ದನ್ನು ಕಂಡವನ ಬಾಯಿ ಅದು, ಬಹುವಚನ ನಿರೀಕ್ಷಿಸುವಂತಿರಲಿಲ್ಲ. “ಎರಡು,” ಎಂದ ಮೆಲ್ಲಗೆ.

“ಎಷ್ಟು ಜನ?”

“ನಾನು, ನನ್ನ ಹೆಂಡತಿ.”

ಮುದುಕ ತಲೆದೂಗಿದ. ಅದರಲ್ಲಿ ಚುಚ್ಚು ಇರಲಿಲ್ಲ, ಅಳತೆ ತಾಳೆಯಾಯಿತು ಅನ್ನುವಂಥ ಸಮಾಧಾನ ಅಷ್ಟೇ. ಎಂಜಿನಿಯರ್ ಹುಡುಗಿ ಮಾತು ಬದಲಿಸಲೆಂದೋ ಏನೋ ಟ್ಯಾಬಿನಲ್ಲಿ ಬೆರಳಾಡಿಸಿ, “ಸಾರ್, ನಿಮ್ಮದೊಂದು ಹಳೇ ಆದೇಶ ಸಿಕ್ಕಿದೆ, ಒಂಬತ್ತು ವರ್ಷದ ಹಿಂದಿನದು. ಅರ್ಥ ಆಗ್ಲಿಲ್ಲ,” ಎಂದು ಗಟ್ಟಿಯಾಗಿಯೇ ಓದಿದಳು: “'ಹಿಂಬದಿಯ ಗೋಡೆಯನ್ನು ಯಾವ ಕಾರಣಕ್ಕೂ ಒಡೆಯತಕ್ಕದ್ದಲ್ಲ. ಏಳು ಮನೆಗಳ ಸೂರಿನ ಸಾಲಿಗೆ ಒಂದು ಲಯವಿದೆ. ಅರ್ಜಿದಾರರು ಕೋರಿರುವ ಬಚ್ಚಲುಮನೆಯಿಂದ ಆ ಲಯಕ್ಕೆ ಭಂಗವಾಗುತ್ತದೆ. ಅರ್ಜಿ ತಿರಸ್ಕೃತ.' ಲಯ ಅಂದ್ರೆ ಇಲ್ಲಿ ಏನು ಸಾರ್?”

ಅಣಕವಿರಲಿಲ್ಲ, ತಿಳಿಯಲೆಂದೇ ಕೇಳಿದ್ದಳು. ಅವನು ಕೈಯೆತ್ತಿ ತೋರಿಸಿದ. ಓಣಿ ಇಳಿಜಾರಿನಲ್ಲಿದ್ದುದರಿಂದ ಕಟ್ಟಿದವರು ಪ್ರತಿ ಮನೆಯ ಸೂರನ್ನೂ ಹಿಂದಿನದಕ್ಕಿಂತ ಒಂದು ಗೇಣು ಕೆಳಗಿಟ್ಟಿದ್ದರು, ಆರು ಸಲ, ಒಂದೇ ಅಳತೆಯಲ್ಲಿ. ಮೆಟ್ಟಿಲಿಳಿಯುವ ಹೆಂಗಸಿನ ಸೆರಗಿನಂತೆ ಹೆಂಚಿನ ಅಂಚು ಜಾರಿಕೊಂಡು ಬರುತ್ತಿತ್ತು. ಹುಡುಗಿ ಬಹಳ ಹೊತ್ತು ನೋಡಿದಳು. “ನಿಜ ಸಾರ್. ತುಂಬಾ ಚೆನ್ನಾಗಿದೆ.” ಆಮೇಲೆ ಸ್ವಲ್ಪ ಅಳುಕುತ್ತ ಇನ್ನೊಂದು ನಕ್ಷೆ ತೆಗೆದಳು. “ಮೊದಲು ನಾನು ಇದನ್ನ ಮಾಡಿದ್ದೆ. ಮುಂಭಾಗ, ಮೆಟ್ಟಿಲು, ಹೆಂಚು ಎಲ್ಲಾ ಹಾಗೇ ಇರುತ್ತೆ. ಅಂಗಳದಲ್ಲಿ ಹಿಂಬದಿಗೆ ತಾಗಿಸಿ ಒಂದು ಸಣ್ಣ ಕಟ್ಟಡ. ಪ್ರತಿ ಮನೆಗೂ ಬಚ್ಚಲು, ಕಕ್ಕಸು, ಮಧ್ಯ ಒಂದು ಲಿಫ್ಟು. ಹಿಂದಿನ ಗೋಡೇಲಿ ಬಾಗಿಲು ಕೊರೀಬೇಕು ಅಷ್ಟೇ. ನಮ್ಮ ವಕೀಲರು ನಿಮ್ಮ ಈ ಆದೇಶ ತೋರಿಸಿದ್ರು. ಗೋಡೆ ಮುಟ್ಟೋ ಹಾಗಿಲ್ಲ, ಅದರ ಬದಲು ಏಳು ಸಹಿ ತಗೊಂಡು ಪೂರ್ತಿ ಕೆಡವೋದೇ ಸುಲಭ ಅಂದ್ರು.”

ಅವನಿಗೆ ಮೊದಲು ಮಾತು ತಲೆಗೆ ಹೋಗಲಿಲ್ಲ. ಹೋದ ಮೇಲೆ ಆ ನಕ್ಷೆಯನ್ನು ಇನ್ನೊಮ್ಮೆ ನೋಡಿದ. ಒಂದು ಬಾಗಿಲು ಕೊರೆಯಬಾರದೆಂದು ತಾನು ಬರೆದ ನಾಲ್ಕು ಸಾಲೇ ಏಳು ಮನೆಗಳನ್ನು ಉರುಳಿಸಲು ದಾರಿ ಮಾಡಿಕೊಟ್ಟಿತ್ತು. ಆ ಅರ್ಜಿದಾರರು ಯಾರೆಂದು ಹುಡುಗಿಗೆ ಗೊತ್ತಿರಲಿಲ್ಲ. ಮುದುಕನಿಗೆ ಗೊತ್ತಿತ್ತು, ಅವನು ಟವೆಲನ್ನು ಮಡಿಸತೊಡಗಿದ್ದ. ಅರ್ಜಿಯನ್ನು ಅಕ್ಕ ಅವನ ಮನೆಗೆ ತಂದು ಕೊಟ್ಟಿರಲಿಲ್ಲ. ಕಚೇರಿಗೆ ಬಂದು, ಕೌಂಟರಿನಲ್ಲಿ ಸಾಲು ನಿಂತು, ಗುಮಾಸ್ತನ ಕೈಗೆ ಕೊಟ್ಟು, ತಮ್ಮನ ಕೋಣೆಯತ್ತ ಕಣ್ಣೂ ಹಾಯಿಸದೆ ಹೋಗಿದ್ದಳು. ಅದು ಅವನ ಮೇಜಿಗೆ ಬಂದಾಗ ಅವನಿಗಾದದ್ದು ದುಃಖವಲ್ಲ, ಹುರುಪು. ಇದೇ ಪರೀಕ್ಷೆ ಎಂದುಕೊಂಡ. ಅಕ್ಕ ಅಂತ ಬಿಟ್ಟುಕೊಟ್ಟ ಎಂದು ನಾಳೆ ಯಾರೂ ಬೆರಳು ತೋರಿಸಬಾರದು. ಇನ್ನೊಬ್ಬ ಅಧಿಕಾರಿಗೆ ಕಳಿಸಬಹುದಿತ್ತು, ಕಳಿಸಲಿಲ್ಲ. ತಿರಸ್ಕೃತ ಎಂದು ಬರೆದು ಕೆಳಗೆ ಸಹಿ ಹಾಕುವಾಗ ಬೆನ್ನು ತಾನಾಗಿ ನೆಟ್ಟಗಾಗಿತ್ತು, ಕಚೇರಿಯಲ್ಲಿ ನಾಲ್ಕು ಜನ ಆ ಸುದ್ದಿಯನ್ನು ಮೆಚ್ಚಿ ಆಡಿಕೊಂಡಾಗ ಕೇಳಿಸದವನಂತೆ ನಡೆದುಹೋಗಿದ್ದ. ಎರಡು ವರ್ಷ ಕಳೆದು ಒಂದು ಬೆಳಗಿನ ಜಾವ ಅಕ್ಕ ಈ ಅಂಗಳದ ಒದ್ದೆ ಚಪ್ಪಡಿಯ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು, ಸೊಟ್ಟಗೇ ಕೂಡಿಕೊಂಡಿತು. ಎಂಟು ತಿಂಗಳು ಸೂಜಿ ಹಿಡಿಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಅವನು ಹೇಗಾಯಿತೆಂದು ಕೇಳುವ ಮೊದಲೇ, ಡಾಕ್ಟರಿಗೆ ಕೇಳಿಸುವಂತೆ, “ಬೆಕ್ಕನ್ನ ಅಟ್ಟಿಸಿಕೊಂಡು ಹೋದೆ, ಬುದ್ಧಿ ನೋಡಿ ನಂದು,” ಎಂದು ನಕ್ಕಿದ್ದಳು. ಓಣಿಯಲ್ಲಿ ಬೆಕ್ಕಿರಲಿಲ್ಲ. ಅವನೂ ನಕ್ಕಿದ್ದ.

“ಮೇಲೆ ಹೋಗಿ ಬರ್ತೀನಿ,” ಎಂದು ಹುಡುಗಿಗೆ ಹೇಳಿ ಮೆಟ್ಟಿಲು ಹತ್ತಿದ.

ಅಕ್ಕ ಬೀದಿ ಕಡೆಯ ಕೋಣೆಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಸುತ್ತ ಅಂಗಿಗಳ ಗುಡ್ಡೆ. ಅರವತ್ತಾರಾದರೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅದರ ಮೇಲಿನಿಂದಲೇ ದಾರ ಪೋಣಿಸುವ ಠೀವಿ. ಸೊಟ್ಟ ಮಣಿಕಟ್ಟಿಗೆ ತಾನೇ ಒಂದು ಉಪಾಯ ಕಂಡುಕೊಂಡಿದ್ದಳು: ಅಂಗಿಯನ್ನು ಮೊಣಕಾಲಿಗೆ ಸಿಕ್ಕಿಸಿ, ಸೂಜಿಯನ್ನು ಹಾಗೇ ಹಿಡಿದು, ಬಟ್ಟೆಯನ್ನೇ ಅದರ ಸುತ್ತ ತಿರುಗಿಸುವುದು.

“ಬಂದ್ಯಾ? ಕೆಳಗೆ ಸಾಲಲ್ಲಿ ನಿಂತಿದ್ದೆಯಂತೆ. ಇಡೀ ಓಣಿಗೆ ಗೊತ್ತಾಗಿದೆ,” ಎಂದಳು. “ಮಾತ್ರೆ ನುಂಗೋ ದಿನ ಬೆಳಿಗ್ಗೆ ಎರಡು ಕಪ್ ಟೀ ಕುಡೀಬೇಡ ಅಂತ ಎಷ್ಟು ಸಲ ಹೇಳಿದ್ದೀನಿ?”

ಅವನು ಅಂಗಿಗಳನ್ನು ಸರಿಸಿ ಕೂತ. ಏನು ಕೇಳಬೇಕೆಂದು ಬಂದಿದ್ದನೋ ಅದನ್ನು ಬಿಟ್ಟು ಬೇರೆಯೇ ಮಾತು ಬಂತು. “ಸಹಿ ಹಾಕದೆ ಇರೋರು ಯಾರಕ್ಕ? ಬೀಗದವರಾ?”

“ಅವನಾ? ಮೊದಲನೇ ದಿನವೇ ಹಾಕಿದ. ಪೆನ್ನು ಅವನದೇ.” ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. “ನಾನೇ ಹಾಕಿಲ್ಲ.”

ಅವನು ಅಕ್ಕನ ಹತ್ತಿರಕ್ಕೆ ಸರಿದು ಕೂತ. ಎರಡು ತಿಂಗಳು ತಾನು ಪ್ರೀತಿಸಿದ ಅನಾಮಧೇಯ ಜೀವ ಇಲ್ಲೇ, ಅಂಗಿಗಳ ನಡುವೆ ಕೂತಿತ್ತು. “ನಂಗೆ ಗೊತ್ತಿತ್ತು,” ಎಂದ, ಗೊತ್ತಿಲ್ಲದಿದ್ದರೂ. “ಈ ಮನೆ ಬಿಟ್ಟು ಇರೋಕೆ ನಿಂಗೆ ಆಗಲ್ಲ.”

“ಈ ಮನೇನಾ?” ಅಕ್ಕ ಕನ್ನಡಕದ ಮೇಲಿನಿಂದ ನೋಡಿದಳು. “ನಂಗೆ ಈ ಮನೆ ಯಾವತ್ತೂ ಇಷ್ಟ ಇರಲಿಲ್ಲ ಕಣೋ. ಅಮ್ಮ ಹೋದಾಗಲೂ ಇರಲಿಲ್ಲ, ಈಗಲೂ ಇಲ್ಲ. ಮಳೆ ಬಂದ್ರೆ ಪಾತ್ರೆ ಇಡಬೇಕು, ಮೆಟ್ಟಿಲು ಹತ್ತಿದ್ರೆ ಮಂಡಿ ಅಳುತ್ತೆ. ಹೊಸ ಮನೇಲಿ ಲಿಫ್ಟು ಇದೆಯಂತೆ. ಬಂದ್ರೆ ಅದರೊಳಗೆ ಒಂದು ಸ್ಟೂಲು ಹಾಕ್ಕೊಂಡು ದಿನಾ ಎರಡು ಸಲ ಸುಮ್ಮನೆ ಮೇಲೆ ಕೆಳಗೆ ಹೋಗಿ ಬರೋಣ ಅಂತಿದ್ದೆ.”

“ಮತ್ತೆ ಯಾಕೆ ಹಾಕಲಿಲ್ಲ?”

ಅಕ್ಕ ಅಂಗಿಯನ್ನು ಮೊಣಕಾಲಿನ ಮೇಲೆ ಒಂದು ಸುತ್ತು ತಿರುಗಿಸಿದಳು. “ನೀನು ಜೀವಮಾನ ಪೂರ್ತಿ ಇದೇ ಕೆಲಸ ಮಾಡಿಕೊಂಡು ಬಂದೋನು. ಇಂಥದ್ದನ್ನ ಕೆಡವಬಾರದು ಅಂತ ಊರಿಗೆಲ್ಲ ಹೇಳೋನು. ಸ್ವಂತ ಅಕ್ಕನೇ ಕೆಡವಿ ಅಂತ ಸಹಿ ಹಾಕಿದ್ಲು ಅಂದ್ರೆ ನಿನ್ನ ಆಫೀಸಲ್ಲಿ ಜನ ನಗಲ್ವಾ? ಓಣಿಯೋರು ಎರಡು ತಿಂಗಳಿಂದ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಆ ಬಕೆಟ್ಟಿನೋಳು ಸಾಲಲ್ಲಿ ನನ್ನ ಕಂಡ್ರೆ ಬೆನ್ನು ತಿರುಗಿಸ್ತಾಳೆ. ಇರಲಿ ಬಿಡು. ಮಾತಾಡದೇ ಇದ್ರೆ ಕೆಲಸ ಜಾಸ್ತಿ ಆಗುತ್ತೆ.”

ಕೆಳಗೆ ಯಾರೋ ನೀರು ಸುರಿದ ಸದ್ದು. ತನ್ನ ಹೆಸರಿಗಾಗಿ ಅವನು ಅಕ್ಕನನ್ನು ಬಿಟ್ಟುಕೊಟ್ಟಿದ್ದ. ಅದೇ ಹೆಸರಿಗಾಗಿ ಅಕ್ಕ ಲಿಫ್ಟನ್ನೂ ಬಚ್ಚಲನ್ನೂ ನೆರೆಹೊರೆಯ ಮಾತನ್ನೂ ಬಿಟ್ಟು ಕೂತಿದ್ದಳು. ಅವನಿಗೆ ಅಳು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಬದಲಿಗೆ ತಾನೊಬ್ಬ ಬಹಳ ಸಣ್ಣ ಮನುಷ್ಯ ಎಂಬುದು, ತನ್ನ ಎತ್ತರ ಎಷ್ಟೆಂದು ಅಳತೆಪಟ್ಟಿ ನೋಡಿದಷ್ಟು ಸ್ಪಷ್ಟವಾಗಿ, ಯಾವ ಉದ್ವೇಗವೂ ಇಲ್ಲದೆ ಕಂಡಿತು. ಕಡತ ಬಿಚ್ಚಿ, ಹೊಲಿಗೆಯ ಮಣೆಯನ್ನು ಎಳೆದುಕೊಂಡು ಬರೆಯಲು ಕೂತ. ಒಂಬತ್ತು ವರ್ಷದ ಹಿಂದಿನ ಆದೇಶವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಅರ್ಜಿದಾರರು ನನ್ನ ಅಕ್ಕ. ಈ ಸಂಗತಿಯನ್ನು ಆಗ ದಾಖಲಿಸಲಿಲ್ಲ, ಕಡತವನ್ನು ಬೇರೆಯವರಿಗೆ ವಹಿಸಲಿಲ್ಲ, ಎರಡೂ ನನ್ನ ತಪ್ಪು. ಓಣಿಯ ಮುಂಭಾಗ, ಮೆಟ್ಟಿಲುಗಳು, ಹೆಂಚಿನ ಮಾಡು ಉಳಿಯಲೇಬೇಕಾದವು. ಹಿಂಬದಿಯ ಗೋಡೆಯನ್ನು ಒಡೆಯಬಹುದು, ಒಡೆಯಬೇಕು.

“ಏನು ಬರೀತಿದ್ದೀಯ? ಗಟ್ಟಿಯಾಗಿ ಓದು,” ಎಂದಳು ಅಕ್ಕ.

ಓದಿದ. ಕೊನೆಯ ಸಾಲಿಗೆ ಬಂದಾಗ ಅವನ ದನಿ ತಗ್ಗಿತು: “'ಸೌಕರ್ಯವಿಲ್ಲದ ಕಾರಣ ಅರ್ಜಿದಾರರು ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು.'”

“ಬೆಕ್ಕು?” ಎಂದಳು ಅಕ್ಕ.

“ಬೆಕ್ಕು ಇರಲಿಲ್ಲ ಅಕ್ಕ.”

ಸೂಜಿ ನಿಂತಿತು. ಕನ್ನಡಕ ತೆಗೆದು ಅಂಗಿಯೊಂದರ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡಳು. “ಇರಲಿಲ್ಲ,” ಎಂದಳು. “ಅಲ್ಲಾ, ಇದನ್ನೆಲ್ಲ ಬರೆದ್ರೆ ನಿನ್ನ ಕೆಲಸಕ್ಕೆ ಏನೂ ಆಗಲ್ವೇನೋ?”

“ಆದ್ರೆ ಆಗಲಿ.”

“ಹಾಗೆಲ್ಲ ದೊಡ್ಡ ಮಾತು ಆಡಬೇಡ. ಕೆಲಸಕ್ಕೇನಾದ್ರೂ ಆದ್ರೆ ನಿನ್ನ ಹೆಂಡತಿ ಬಂದು ಜಗಳ ಆಡೋದು ನನ್ನ ಹತ್ರ.” ಆದರೆ ಕಾಗದವನ್ನು ಕಿತ್ತುಕೊಳ್ಳಲಿಲ್ಲ.

ಅಂಗಳದಲ್ಲಿ ಅದನ್ನು ಎಲ್ಲರೆದುರು ಓದಿದ್ದು ಹನ್ನೆರಡರ ಬಿಸಿಲಿನಲ್ಲಿ. ಚಪ್ಪಾಳೆ ಯಾರೂ ತಟ್ಟಲಿಲ್ಲ. ಫೋನಿನವನು, ತನಗೆ ಒಂಬತ್ತನೇ ಅಂತಸ್ತಿನ ಮನೆಯೇ ಬೇಕು, ಈ ಹೊಲಿಗೆ ಹಾಕಿದ ವ್ಯವಹಾರ ಬೇಡ ಎಂದು ಗೊಣಗಿ ಹೊರಟುಹೋದ. ಬಕೆಟ್ಟಿನ ಹೆಂಗಸು, “ಮತ್ತೆ ಹತ್ತು ವರ್ಷ ಕಾಗದ ಓಡಾಡೋದಾ ಸಾರ್?” ಎಂದು ನೇರವಾಗಿ ಕೇಳಿದಳು. ಅದಕ್ಕೆ ಉತ್ತರ ಎಂಜಿನಿಯರ್ ಹುಡುಗಿಯ ಬಳಿ ಇತ್ತು. ನೆಲದ ಮೇಲೆ ಕೂತು, ಟ್ಯಾಬನ್ನು ಮೊಣಕಾಲಿಗೆ ಒರಗಿಸಿ, ಯಾರ ಬಾಗಿಲು ಎಲ್ಲಿ ಬರುತ್ತದೆ, ಲಿಫ್ಟು ಎಲ್ಲಿ ನಿಲ್ಲುತ್ತದೆ ಎಂದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ತೋರಿಸಿದಳು. ಮುದುಕ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ, “ಬಚ್ಚಲ ಬಾಗಿಲಿಗೆ ಚಿಲಕ ನಾನೇ ಹಾಕ್ತೀನಿ. ಕಂಪನಿಯೋರ ಚಿಲಕ ಆರು ತಿಂಗಳು ಬರಲ್ಲ,” ಎಂದ. ಅಲ್ಲಿಗೆ ಅರ್ಧ ಓಣಿ ಒಪ್ಪಿದ ಹಾಗಾಯಿತು.

ಉಳಿದರ್ಧ ಒಪ್ಪಲು ಐದು ತಿಂಗಳು ಹಿಡಿಯಿತು. ಅಷ್ಟರೊಳಗೆ ಅವನಿಗೆ ಲಿಖಿತ ಎಚ್ಚರಿಕೆ ಬಂದು, ಈ ಓಣಿಯ ಕಡತ ಬೇರೆಯವರ ಮೇಜಿಗೆ ಹೋಗಿ, ಅವನನ್ನು ದಾಖಲೆ ಕೋಣೆಗೆ ಹಾಕಿದ್ದರು. ಹಿಂದೆ ಮೆಚ್ಚಿ ಆಡಿಕೊಂಡ ನಾಲ್ಕು ಜನ ಈಗಲೂ ಆಡಿಕೊಂಡರು, ಬೇರೆ ದನಿಯಲ್ಲಿ. ಕಾರಿಡಾರಿನಲ್ಲಿ ಹಾಯುವಾಗ ಅವನಿಗೆ ನಾಚಿಕೆಯಾಗುತ್ತಿತ್ತು, ಆದರೆ ದಾಖಲೆ ಕೋಣೆಯ ಹಳೆಯ ನಕ್ಷೆಗಳ ನಡುವೆ ಊಟದ ಡಬ್ಬಿ ಬಿಚ್ಚಿದಾಗ ಹಸಿವೂ ಚೆನ್ನಾಗಿ ಆಗುತ್ತಿತ್ತು.

ಗೋಡೆ ಕೊರೆಯುವ ದಿನ ರಜೆ ಹಾಕಿ ಹೋದ. ಕೆಲಸ ಮುಗಿಯುವ ತನಕ ಅಕ್ಕ ಅವನ ಮನೆಯಲ್ಲಿರುವುದೆಂದು ಮಾತಾಗಿತ್ತು, ಗಂಟುಮೂಟೆ ಕಟ್ಟಿಯಾಗಿತ್ತು. ಆದರೆ ಸಂಜೆಯೊಳಗೆ ದರ್ಜಿಗೆ ಮುಟ್ಟಿಸಬೇಕಾದ ಆರು ಅಂಗಿ ಉಳಿದಿದ್ದವು. ಬೀದಿ ಕಡೆಯ ಕೋಣೆಯ ತುಂಬ ಸಾಮಾನು ಒಟ್ಟಿದ್ದರಿಂದ ಅಕ್ಕ ಹಿಂದಿನ ಕೋಣೆಯಲ್ಲಿ ಕೂತು, ಬಲ್ಬು ಹಾಕಿಕೊಂಡು, ಸದ್ದಿಗೆ ಬೈಯುತ್ತ ಹೊಲಿಯುತ್ತಿದ್ದಳು. ಮೇಸ್ತ್ರಿ ಉಳಿ ಇಟ್ಟು ಸುತ್ತಿಗೆಯಿಂದ ನಾಜೂಕಾಗಿ ಬಡಿದು ಮೊದಲ ಇಟ್ಟಿಗೆ ಬಿಡಿಸಿದ, ಆಮೇಲೆ ಎರಡನೆಯದು. ಹತ್ತನೆಯ ಇಟ್ಟಿಗೆ ಬರುವ ಹೊತ್ತಿಗೆ ಗೋಡೆಯಲ್ಲಿ ತಟ್ಟೆಯಗಲದ ತೂತಾಗಿ, ಧೂಳಿನ ನಡುವೆ ಹಗಲು ಒಳಗೆ ಬಂತು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ; ನೂರ ನಲವತ್ತು ವರ್ಷಗಳಲ್ಲಿ ಅಲ್ಲಿಗೆ ಬಿಸಿಲು ಬಿದ್ದದ್ದು ಅದೇ ಮೊದಲು. ಅವನು ತೂತಿನ ಹತ್ತಿರ ಹೋಗಿ ಬಗ್ಗಿದ. ಗೋಡೆಯೊಳಗಿನ ಇಟ್ಟಿಗೆಗಳು ಹೊರಗಿನವಕ್ಕಿಂತ ತೆಳುವಾಗಿ, ಹಾಳೆಹಾಳೆಯಾಗಿ ಜೋಡಿಸಿದ್ದವು. ಯಾರ ಕಣ್ಣಿಗೂ ಬೀಳದ ಜಾಗದಲ್ಲೂ ಸಂದುಗಳು ನೇರವಾಗಿದ್ದವು. ಒಂದರ ಮೇಲೆ ಕಟ್ಟಿದವನ ಹೆಬ್ಬೆರಳ ಗುರುತು. ಅದಕ್ಕೆ ತನ್ನ ಹೆಬ್ಬೆರಳನ್ನಿಟ್ಟು ನೋಡಿದ. “ಅಕ್ಕ, ಇಲ್ಲಿ ನೋಡು ಬಾ. ಎಷ್ಟು ಚೆಂದ ಕಟ್ಟಿದ್ದಾರೆ.”

“ಹೌದಾ? ಆಮೇಲೆ ನೋಡ್ತೀನಿ.” ಅಕ್ಕ ಕೈಚಾಚಿ ಬಲ್ಬು ಆರಿಸಿದಳು. ಅಂಗಿಯನ್ನು ಮೊಣಕಾಲಿಗೆ ಸಿಕ್ಕಿಸಿ, ಕೂತಲ್ಲೇ ಸ್ವಲ್ಪ ಸ್ವಲ್ಪವೇ ಜರುಗಿ ಗೋಡೆಯತ್ತ ಬಂದಳು. “ನೀನು ಸ್ವಲ್ಪ ಆ ಕಡೆ ಸರಿಯೋ. ಬೆಳಕು ಬರ್ತಿದೆ.”

ಅವನು ಸರಿದು ನಿಂತ.